ಅತ್ತೆಯ ಬೆನ್ನು ತಟ್ಟುವ ಕೆಲಸ

"ಬೀಡಿ ಸೇದೋ ಅಭ್ಯಾಸ ಏನಾದ್ರೂ ಇದೆಯಾಮ್ಮ?" ಎಂದು ಡಾಕ್ಟರು ಕೇಳಿದ್ದಕ್ಕೆ ನನ್ನ ಅತ್ತೆ ಕುರ್ಚಿಯಿಂದ ಎದ್ದು ನಿಂತರು. ಅಷ್ಟು ಬೇಗ ಎದ್ದು ನಿಲ್ಲುವ ಶಕ್ತಿ ಆಗ ಅವರಿಗೆ ಇರಲಿಲ್ಲ. ಎದ್ದ ಮೇಲೆ ಬೈಯಲು ಉಸಿರು ಸಾಲದೆ ಮತ್ತೆ ಕೂತರು. ಬೈಯುವ ಕೆಲಸ ನನ್ನ ಗಂಡನ ಪಾಲಿಗೆ ಬಂತು. ಅವರಿಗೆ ಬೈಯಲು ಬರುವುದಿಲ್ಲ. "ಇಲ್ಲ ಸಾರ್, ನಮ್ಮವ್ವ ಕಾಫೀನೂ ಜಾಸ್ತಿ ಕುಡಿಯಲ್ಲ" ಎಂದರು.

ಬೀಡಿ ಸೇದುವವರಿಗಿಂತ ಹೆಚ್ಚು ಹೊಗೆಯನ್ನು ಅತ್ತೆ ಕುಡಿದಿದ್ದರು ಎನ್ನುವುದು ಆಮೇಲೆ ಗೊತ್ತಾಯಿತು. ಈಗ ವಿಜಯನಗರದೊಳಗೆ ಸೇರಿಹೋಗಿರುವ ಮಾರೇನಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅವರು ಈ ಮನೆಗೆ ಸೊಸೆಯಾಗಿ ಬಂದದ್ದು. ಮನೆ ತುಂಬ ಜನ, ಕಿಟಕಿಯಿಲ್ಲದ ಅಡುಗೆಮನೆ, ಒಂದು ಕಡೆ ಮುದ್ದೆಯ ಒಲೆ, ಇನ್ನೊಂದು ಕಡೆ ಸ್ನಾನದ ಹಂಡೆಯ ಒಲೆ. ಗ್ಯಾಸ್ ಬಂದ ಮೇಲೂ ಮುದ್ದೆಗೆ ಸೌದೆ ಒಲೆಯೇ ಆಗಬೇಕೆಂದು ಹಿತ್ತಲಲ್ಲಿ ಒಂದನ್ನು ಉಳಿಸಿಕೊಂಡಿದ್ದರು. ಹಿತ್ತಲಿನಲ್ಲಿ ಬಾಡಿಗೆ ಮನೆಗಳು ಎದ್ದಾಗ ಒಲೆ ಟೆರೇಸಿಗೆ ಹೋಯಿತು. ನಾನು ಮದುವೆಯಾಗಿ ಬಂದಾಗ ಅದು ಟೆರೇಸಿನಲ್ಲಿತ್ತು. ಅಲ್ಲಿ ಹೊಗೆ ಆಕಾಶಕ್ಕೆ ಹೋಗುತ್ತದೆಂದು ನಾವೆಲ್ಲ ನಂಬಿದ್ದೆವು. ಊದುಗೊಳವೆ ಹಿಡಿದು ಒಲೆಯ ಬಾಯಿಗೆ ಮುಖ ಕೊಟ್ಟು ಕೂತವರನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಡಾಕ್ಟರು ಒಂದು ಕೊಳವೆಯೊಳಗೆ ಅವರಿಂದ ಉಸಿರು ಊದಿಸಿ ನೋಡಿ, ಇದು ಸಿಒಪಿಡಿ ಎಂದರು. ಉಸಿರಿನ ಕೊಳವೆಗಳು ಕಿರಿದಾಗಿ, ಒಳಗೆ ಹೋದ ಗಾಳಿ ಸರಾಗವಾಗಿ ಹೊರಗೆ ಬರದ ಕಾಯಿಲೆ. ವಾಸಿಯಾಗುವುದಿಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳಬಹುದು. ಬಾಯಿಗೆ ಎಳೆದುಕೊಳ್ಳುವ ಇನ್‌ಹೇಲರ್ ಬರೆದುಕೊಟ್ಟರು. ಅತ್ತೆ ಅದಕ್ಕೆ 'ಪಂಪು' ಎಂದು ಹೆಸರಿಟ್ಟು ಎಲೆಅಡಿಕೆಯ ಚೀಲದ ತಳದಲ್ಲಿ ಬಚ್ಚಿಟ್ಟರು. ಯಾರಾದರೂ ಕಂಡರೆ ದಮ್ಮಿನವಳು ಎಂದುಕೊಳ್ಳುತ್ತಾರೆ ಎನ್ನುವುದು ಅವರ ವಾದ. ದಮ್ಮು ಇರುವುದು ಹೌದಲ್ಲ ಎಂದು ನನ್ನ ಗಂಡ ಒಮ್ಮೆ ಹೇಳಿ, ಎರಡು ದಿನ ಮಾತಿಲ್ಲದೆ ಊಟ ಮಾಡಿದರು.

ಪಂಪಿನಿಂದ ಸ್ವಲ್ಪ ಕಾಲ ಚೆನ್ನಾಗಿಯೇ ಇದ್ದರು. ಆಮೇಲೆ ಕಫ ಶುರುವಾಯಿತು. ಮೊದಲೂ ಇತ್ತು, ಆದರೆ ಇದು ಬೇರೆ. ಬೆಳಿಗ್ಗೆ ಎದ್ದರೆ ಲೋಟದಷ್ಟು. ಬಣ್ಣ ಹಳದಿಯಿಂದ ಹಸಿರಿಗೆ ತಿರುಗಿತು. ವಾಸನೆಯೂ ಬಂತು. ಜ್ವರ ಬರುತ್ತಿತ್ತು, ಮೂಲೆ ಅಂಗಡಿಯಿಂದ ಮಾತ್ರೆ ತರುತ್ತಿದ್ದೆವು, ಇಳಿಯುತ್ತಿತ್ತು, ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಬರುತ್ತಿತ್ತು. ಸಿಒಪಿಡಿ ಅಂದರೆ ಹೀಗೇ ಇರುತ್ತದೆ ಎಂದುಕೊಂಡೆವು. ಕಾಯಿಲೆಗೆ ಒಂದು ಹೆಸರು ಸಿಕ್ಕ ಮೇಲೆ ಮನೆಯವರು ಎಲ್ಲವನ್ನೂ ಆ ಹೆಸರಿನ ತಲೆಗೇ ಕಟ್ಟಿಬಿಡುತ್ತಾರೆ.

ಅತ್ತೆಗೆ ಬೀಗರ ಊಟವೆಂದರೆ ಪ್ರಾಣ. ಕರೆದವರ ಮನೆಗೆಲ್ಲ ಹೋಗುತ್ತಿದ್ದರು. ಕರೆಯಲು ಮರೆತವರ ಮನೆಗೆ ಮೊದಲೇ ಹೋಗಿ ನೆನಪಿಸಿ ಬರುತ್ತಿದ್ದರು. ಕೆಂಗೇರಿಯಲ್ಲಿ ನಡೆದ ಒಂದು ಬೀಗರ ಊಟದಲ್ಲಿ, ಪಂಕ್ತಿಯ ಮಧ್ಯೆ, ಅವರಿಗೆ ಕೆಮ್ಮು ಹತ್ತಿತು. ಸೆರಗು ಬಾಯಿಗೆ ಒತ್ತಿ ಹಿಡಿದರು. ನಿಲ್ಲಲಿಲ್ಲ. ಬಂದದ್ದನ್ನು ಸೆರಗಿನಲ್ಲೇ ಮುದುರಿಕೊಂಡರು. ಪಕ್ಕದಲ್ಲಿ ಕೂತಿದ್ದ ಅವರ ಓರಗಿತ್ತಿ ತನ್ನ ಎಲೆಯನ್ನು ಒಂದು ಗೇಣು ಆಚೆಗೆ ಎಳೆದುಕೊಂಡು, ಪಂಕ್ತಿಗೆಲ್ಲ ಕೇಳುವ ಪಿಸುಮಾತಿನಲ್ಲಿ, "ಟೀಬಿ ಏನಾದ್ರೂ ಇರ್ಬೋದಾ? ತೋರ್ಸಿದ್ರಾ?" ಎಂದು ನನ್ನನ್ನು ಕೇಳಿದರು. ಅತ್ತೆ ಕೈಯಲ್ಲಿದ್ದ ಮೂಳೆಯನ್ನು ಕೊನೆಯವರೆಗೆ ಚೀಪಿ, ಎದ್ದು ಕೈ ತೊಳೆದು, ಆಟೋ ಹತ್ತಿದರು.

ಅಲ್ಲಿಂದಾಚೆಗೆ ಯಾವ ಊಟಕ್ಕೂ ಬರಲಿಲ್ಲ. "ನಂಗೆ ಹೊಟ್ಟೆ ಸರಿಯಿಲ್ಲ ಅಂತ ಹೇಳ್ಬಿಡು" ಎನ್ನುತ್ತಿದ್ದರು. ನಾನು ಎಲ್ಲ ಕಡೆಯೂ ಹಾಗೆಯೇ ಹೇಳಿದ್ದರಿಂದ ನೆಂಟರು ಹೊಟ್ಟೆಗೆ ಔಷಧ ಕಳಿಸತೊಡಗಿದರು. ಜೀರಿಗೆ ಕಷಾಯದ ಪುಡಿ, ಲೇಹ್ಯ, ಏನೋ ಬೇರು. ಅತ್ತೆ ರೂಮಿನಿಂದ ಹೊರಗೆ ಬರುವುದೇ ಕಡಿಮೆಯಾಯಿತು. ಮೊಮ್ಮಗಳು ಹಾಸ್ಟೆಲಿನಿಂದ ಬಂದು ತಬ್ಬಿಕೊಳ್ಳಲು ಹೋದರೆ, "ದೂರ ಇರೇ, ವಾಸ್ನೆ" ಎನ್ನುತ್ತಿದ್ದರು. ಉಸಿರಾಟದ ಕಷ್ಟಕ್ಕಿಂತ ಅದು ನನಗೆ ನೋಡಲು ಕಷ್ಟವಾಗುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಅಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ನಾನು ಹೋಗಿ ಬೆಡ್‌ಶೀಟು ಬದಲಾಯಿಸುತ್ತಿದ್ದೆ.

ಒಂದು ಸಲ ಜ್ವರ ಮಾತ್ರೆಗೆ ಬಗ್ಗಲಿಲ್ಲ. ತುಟಿ ನೀಲಿಯಾಯಿತು. ರಾಜಾಜಿನಗರದ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಹಾಸಿಗೆಯ ಹತ್ತಿರವೇ ಕರೆದು, ಸಿಒಪಿಡಿಯ ಜೊತೆಗೆ ಬ್ರಾಂಕಿಯೆಕ್ಟೇಸಿಸ್ ಅಂತ ಇನ್ನೊಂದು ಇದೆ ಎಂದರು. ಉಸಿರಿನ ಕೊಳವೆಗಳು ಕೆಲವು ಕಡೆ ಹಿಗ್ಗಿ, ಸಡಿಲವಾಗಿ ಜೋಲುಬಿದ್ದಿವೆ. ಕಫವನ್ನು ಮೇಲಕ್ಕೆ ತಳ್ಳುವ ಶಕ್ತಿ ಅವಕ್ಕಿಲ್ಲ. ನಿಂತ ಕಫದಲ್ಲಿ ಸೋಂಕು, ಸೋಂಕಿನಿಂದ ಕೊಳವೆ ಇನ್ನಷ್ಟು ಹಾಳು, ಹಾಳಾದ ಕೊಳವೆಯಲ್ಲಿ ಇನ್ನಷ್ಟು ಕಫ.

ಅತ್ತೆ ಆಕ್ಸಿಜನ್ನಿನ ಮಾಸ್ಕನ್ನು ಪಕ್ಕಕ್ಕೆ ಸರಿಸಿ, "ಅಂದ್ರೆ ಎರಡು ಕಾಯ್ಲೆ?" ಎಂದರು.

"ಹೌದಮ್ಮ. ಒಂದೇ ಮನೇಲಿ ಎರಡು ಬಾಡಿಗೆ ಇದ್ದ ಹಾಗೆ."

"ಒಂದ್ನಾದ್ರೂ ಖಾಲಿ ಮಾಡ್ಸಿ ಸಾರ್."

"ಎರಡೂ ಖಾಲಿ ಮಾಡಲ್ಲಮ್ಮ. ಗಲಾಟೆ ಮಾಡದೆ ಇರೋ ಹಾಗೆ ನೋಡ್ಕೋಬೇಕು ಅಷ್ಟೆ."

ಬಾಡಿಗೆದಾರರ ವಿಷಯ ಅತ್ತೆಗೆ ಚೆನ್ನಾಗಿ ಗೊತ್ತು. ಮಾಸ್ಕು ಹಾಕಿಕೊಂಡು ಮಲಗಿದರು.

ಕಫವನ್ನು ಪರೀಕ್ಷೆಗೆ ಕಳಿಸಿದರು. ಯಾವ ಸೋಂಕು ಎಂದು ಗೊತ್ತಾಗಿ ಅದಕ್ಕೆ ತಕ್ಕ ಔಷಧ ಶುರುವಾಯಿತು. ಟೀಬಿ ಇಲ್ಲ ಎಂದೂ ಬಂತು. ಅತ್ತೆ ಆ ರಿಪೋರ್ಟನ್ನು ಓರಗಿತ್ತಿಗೆ ವಾಟ್ಸಾಪ್ ಮಾಡಲು ಹೇಳಿದರು. ಮಾಡಿದೆ. ಓರಗಿತ್ತಿ ಕೈ ಮುಗಿದ ಗುರುತು ಕಳಿಸಿದರು.

ಮನೆಗೆ ಕಳಿಸುವ ಮೊದಲು ಫಿಸಿಯೋಥೆರಪಿಯ ಹುಡುಗಿ ಬಂದಳು. ಇನ್ನು ಮುಂದೆ ದಿನಕ್ಕೆರಡು ಸಲ ಕಫವನ್ನು ಹೊರಗೆ ತೆಗೆಯಬೇಕು, ಅದು ಔಷಧದಷ್ಟೇ ಮುಖ್ಯ ಎಂದಳು. ಮಗ್ಗುಲಾಗಿ ಮಲಗಿಸಿ, ಬೆನ್ನಿಗೆ ಟವೆಲ್ ಹೊದಿಸಿ, ಕೈಯನ್ನು ಬೊಗಸೆಯ ಹಾಗೆ ಬಾಗಿಸಿ ತಟ್ಟಬೇಕು. ಬೆನ್ನುಮೂಳೆಯ ಮೇಲೆ ತಟ್ಟಬಾರದು, ಊಟವಾದ ತಕ್ಷಣ ತಟ್ಟಬಾರದು. ಆಮೇಲೆ ಕನ್ನಡಿಯ ಮೇಲೆ ಹಬೆ ಊದುವ ಹಾಗೆ ಬಾಯಿ ತೆರೆದು 'ಹಾ' ಎಂದು ಉಸಿರು ತಳ್ಳಿಸಬೇಕು. "ಮನೇಲಿ ಯಾರು ಮಾಡ್ತೀರ?" ಎಂದು ಕೇಳಿದಳು.

ಮಗನೇ ಮಾಡಬೇಕೆಂದು ಅತ್ತೆ ಹೇಳಿದರು. ನನ್ನ ಗಂಡ ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ದಿನವಿಡೀ ಕಬ್ಬಿಣದ ಜೊತೆ ಇರುವವರು. ತಾಯಿಯ ಬೆನ್ನ ಮೇಲೆ ಕೈಯಿಟ್ಟು ಕರುವನ್ನು ಸವರಿದ ಹಾಗೆ ಸವರಿದರು. "ಜೋರಾಗಿ ಸಾರ್" ಎಂದಳು ಹುಡುಗಿ. ಅವರು ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಸವರಿದರು. ಆಗ ಹುಡುಗಿ ನನ್ನ ಕಡೆ ನೋಡಿ, "ಮೇಡಂ, ನೀವು ಏನ್ ಕೆಲಸ ಮಾಡ್ತೀರ?" ಎಂದಳು.

ನಮ್ಮ ಮನೆಯ ಕೆಳಗಿನ ಅಂಗಡಿಯಲ್ಲಿ ನಾನು ಬ್ಯೂಟಿಪಾರ್ಲರ್ ನಡೆಸುತ್ತೇನೆ. ಫೇಶಿಯಲ್, ಹೆಡ್ ಮಸಾಜ್ ಎಲ್ಲ ಇದೆ. ಪಾರ್ಲರ್ ಹಾಕಿದ ದಿನದಿಂದ ಅತ್ತೆ ಅದರ ಬಾಗಿಲು ದಾಟಿರಲಿಲ್ಲ. ಊರಿನ ಹೆಂಗಸರ ಮುಖ ಒರೆಸುವ ಕೆಲಸ ನಮ್ಮ ಮನೆತನಕ್ಕೆ ಸಲ್ಲದು ಎಂದು ಅವರ ಅಭಿಪ್ರಾಯ. ಹುಡುಗಿಗೆ ಅದೆಲ್ಲ ಗೊತ್ತಿಲ್ಲ. "ಹಾಗಾದ್ರೆ ನಿಮ್ಮ ಕೈಗೆ ಅಭ್ಯಾಸ ಇದೆ" ಎಂದು ನನ್ನನ್ನೇ ಆರಿಸಿದಳು. ಅತ್ತೆ ಗೋಡೆಯ ಕಡೆ ತಿರುಗಿದರು. ಮಗ್ಗುಲಾಗಿ ಮಲಗುವ ವಿಧಾನವೂ ಅದೇ ಆಗಿದ್ದರಿಂದ ಅವರಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಗೊತ್ತಾಗಲಿಲ್ಲ.

ಒಂದು ಮಾತು ಹೇಳಬೇಕು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ನಾವಿಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದ್ದು ಕಡಿಮೆ. ಹಬ್ಬಕ್ಕೆ ನಾನು ಅವರ ಕಾಲು ಮುಟ್ಟುತ್ತಿದ್ದೆ, ಅವರು ನನ್ನ ತಲೆಯ ಮೇಲೆ ಗಾಳಿಯಲ್ಲಿ ಕೈ ಆಡಿಸುತ್ತಿದ್ದರು. ಮೊದಲ ದಿನ ಮನೆಯಲ್ಲಿ ಅವರ ಬೆನ್ನ ಮೇಲೆ ಬೊಗಸೆಗೈ ಎತ್ತಿ ಹಿಡಿದು ನಾನು ಸ್ವಲ್ಪ ಹೊತ್ತು ಹಾಗೆಯೇ ನಿಂತೆ. ಬೆನ್ನು ಇಷ್ಟು ಚಿಕ್ಕದಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಗದರುವಾಗ ಅವರು ದೊಡ್ಡವರಾಗಿ ಕಾಣುತ್ತಿದ್ದರು.

"ಏನ್ ಮುಹೂರ್ತ ನೋಡ್ತಿದೀಯಾ? ಹೊಡಿ" ಎಂದರು.

ಹೊಡೆದೆ. ಟೊಳ್ಳು ಸದ್ದು ಬರಬೇಕು ಎಂದು ಹುಡುಗಿ ಹೇಳಿದ್ದಳು, ಬಂತು. ಸ್ವಲ್ಪ ಹೊತ್ತಿಗೆ ಅವರ ಎದೆಯೊಳಗೆ ಏನೋ ಗೊರಗೊರ ಎಂದು ಸಡಿಲವಾಗಿ, 'ಹಾ' ಎಂದು ತಳ್ಳಿದಾಗ ಕಫ ಬಂತು. ಲೋಟವನ್ನು ಇಬ್ಬರೂ ನೋಡಿದೆವು. ಅಂಥ ವಸ್ತುವನ್ನು ನೋಡಿ ಅಷ್ಟು ಸಮಾಧಾನಪಟ್ಟದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಮುಖ ಕಾಣದಿದ್ದರೆ ಮಾತು ಸುಲಭವೆಂದು ಕಾಣುತ್ತದೆ. ಗೋಡೆ ನೋಡುತ್ತ ಮಲಗಿದ ಅತ್ತೆ ಮೊದಮೊದಲು ಬರೀ ತಪ್ಪು ತೋರಿಸುತ್ತಿದ್ದರು. "ಅಲ್ಲಲ್ಲ, ಕೆಳಕ್ಕೆ." ಆಮೇಲೆ ಬೇರೆ ಮಾತುಗಳು ಬಂದವು. ಚಿಕ್ಕಂದಿನಲ್ಲಿ ಏನಾದರೂ ದೊಡ್ಡ ಕಾಯಿಲೆ ಆಗಿತ್ತೇ ಎಂದು ಡಾಕ್ಟರು ಕೇಳಿದಾಗ ಏನೂ ಇಲ್ಲ ಎಂದಿದ್ದರು. ಒಂದು ಸಂಜೆ, ನಾನು ಬಲಗಡೆಗೆ ತಟ್ಟುತ್ತಿದ್ದಾಗ, "ನಾಯಿಕೆಮ್ಮು ಬಂದಿತ್ತು ಕಣೇ" ಎಂದರು. "ನಂಗೂ ನನ್ ತಂಗಿಗೂ ಒಟ್ಟಿಗೇ. ಒಂದೇ ಚಾಪೆ ಮೇಲೆ ಮಲಗಿಸಿದ್ರು. ಕೆಮ್ಮಿ ಕೆಮ್ಮಿ ಅದು ಹೋಗ್ಬಿಡ್ತು. ನಾನು ಉಳ್ಕೊಂಡೆ."

ನಾನು ಕೈ ನಿಲ್ಲಿಸಿದೆ.

"ನಿಲ್ಲಿಸ್ಬೇಡ. ಈಗ ಸಡಿಲ ಆಗ್ತಾ ಇದೆ."

ಮುಂದಿನ ಸಲ ಡಾಕ್ಟರಿಗೆ ಹೇಳಿದೆ. ಆಗಿನ ಪೆಟ್ಟು ಶ್ವಾಸಕೋಶದಲ್ಲಿ ಉಳಿದಿದ್ದರೂ ಉಳಿದಿರಬಹುದು, ಹೊಗೆಯೂ ಸೇರಿರಬಹುದು, ಈಗ ಖಚಿತವಾಗಿ ಹೇಳಲು ಆಗುವುದಿಲ್ಲ ಎಂದರು. ಚಿಕಿತ್ಸೆಯಲ್ಲಿ ಬದಲಾವಣೆ ಏನೂ ಇರಲಿಲ್ಲ. ಮನೆಗೆ ಬಂದ ಮೇಲೆ ಆ ತಂಗಿಯ ಮಾತನ್ನು ಅತ್ತೆ ಮತ್ತೆ ಎತ್ತಲಿಲ್ಲ. ನನ್ನ ಗಂಡನಿಗೆ ತನಗೊಬ್ಬ ಚಿಕ್ಕಮ್ಮ ಇದ್ದಳೆಂದು ನನ್ನಿಂದ ತಿಳಿಯಿತು.

ಪೊಲೀಸರು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಮಹಿಳಾ ಕಾನ್‌ಸ್ಟೇಬಲ್ ಒಬ್ಬರು, ಅವರ ಹಿಂದೆ ಇನ್ನೊಬ್ಬ ಕಾನ್‌ಸ್ಟೇಬಲ್. ವಯಸ್ಸಾದವರಿಗೆ ಈ ಮನೆಯಲ್ಲಿ ಹೊಡೆಯುತ್ತಿದ್ದಾರೆ ಎಂದು ಯಾರೋ ಫೋನ್ ಮಾಡಿದ್ದಾರಂತೆ. ನನ್ನ ಗಂಡ ಪೇಪರ್ ಹಿಡಿದುಕೊಂಡೇ ಎದ್ದು ನಿಂತು, ಹಾಗೇ ನಿಂತಿದ್ದರು. ನನಗೆ ಹೇಳುವುದು ಸುಲಭವಿತ್ತು, ಆದರೆ ಏನು ಹೇಳಿದರೂ ಅತ್ತೆಗೆ ಹೊಡೆಯುವ ಸೊಸೆ ಹೇಳುವ ಹಾಗೆಯೇ ಕೇಳಿಸುತ್ತದೆ ಎಂದು ತೋರಿತು.

ಕಾನ್‌ಸ್ಟೇಬಲ್ ಮೇಡಂ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಅತ್ತೆಯ ಪಕ್ಕ ಮಂಚದ ಮೇಲೆ ಕೂತರು.

"ಅಜ್ಜಿ, ಹೆದ್ರಬೇಡಿ. ಇವ್ರು ನಿಮ್ಗೆ ಹೊಡೀತಾರಾ?"

"ಹೊಡೀತಾಳೆ ಕಣಮ್ಮ. ದಿನಾ. ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ."

ಮೇಡಂ ನನ್ನ ಕಡೆ ನೋಡಿದರು. "ಯಾಕೆ ಹೊಡೀತಾರೆ?"

"ನಾನೇ ಹೊಡಿ ಅಂತೀನಿ. ಎಡಗಡೆಗೆ ಸರಿಯಾಗಿ ಹೊಡೆಯಲ್ಲ, ಅದೊಂದೇ ಕಂಪ್ಲೇಂಟು."

ಆಸ್ಪತ್ರೆಯ ಕಾಗದ ತಂದು ಕೊಟ್ಟೆ. ಮೇಡಂ ಓದಿದರು, ಅರ್ಥವಾಗಲಿಲ್ಲ, ಮಾಡಿ ತೋರಿಸಿ ಎಂದರು. ಅತ್ತೆ ಖುಷಿಯಿಂದ ಮಗ್ಗುಲಾದರು. ಪೊಲೀಸರ ಎದುರಿಗೆ ನಾನು ನನ್ನ ಅತ್ತೆಗೆ ಹೊಡೆದೆ. ಗಂಡಸು ಕಾನ್‌ಸ್ಟೇಬಲ್ ಸ್ವಲ್ಪ ಹೊತ್ತು ನೋಡಿ, ಫೋನ್ ಬಂದವರ ಹಾಗೆ ಆಚೆಗೆ ಹೋದರು. ಕೊನೆಗೆ ಕಫ ಬಂದಾಗ ಅತ್ತೆ ಲೋಟವನ್ನು ಮೇಡಂ ಕಡೆಗೆ ಚಾಚಿ, "ನೋಡಮ್ಮ, ಸಾಕ್ಷಿ" ಎಂದರು. ಮೇಡಂ ನೋಡಿದರು. ಕ್ಷಮಿಸಿ, ಯಾರೇ ಫೋನ್ ಮಾಡಿದರೂ ನಾವು ಬರಲೇಬೇಕು ಎಂದು ಹೇಳಿ ಹೋದರು. ಆಮೇಲೆ ಅವರು ನನ್ನ ಪಾರ್ಲರಿನ ಗಿರಾಕಿಯಾದರು, ಹುಬ್ಬು ಮಾಡಿಸಲು ಬರುತ್ತಾರೆ.

ಅವರು ಹೋದ ಮೇಲೆ ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ಹೊರಗೆ ಬಂದು, "ಮೊದಲೇ ಇಲ್ಲ ಅಂತ ಹೇಳ್ಬಾರ್ದಿತ್ತಾ ಅತ್ತೆ? ನನ್ ಮಾನ ಏನಾಗ್ತಿತ್ತು?" ಎಂದೆ.

"ಹೊಡೀತಾರಾ ಅಂತ ಕೇಳಿದ್ರು. ಸುಳ್ಳು ಹೇಳ್ಲಾ?" ಎಂದರು. ಆಮೇಲೆ, "ಬಾ, ಕಾಫಿ ಕುಡಿ. ನಾನೇ ಮಾಡ್ತೀನಿ" ಎಂದರು. ಎದ್ದು ಅಡುಗೆಮನೆಯ ಬಾಗಿಲವರೆಗೆ ಹೋಗುವಷ್ಟರಲ್ಲಿ ಏದುಸಿರು ಬಂತು. ಕಾಫಿ ನಾನೇ ಮಾಡಿದೆ. ಅವರು ಬಾಗಿಲಿಗೆ ಒರಗಿ ನಿಂತು ಸಕ್ಕರೆ ಎಷ್ಟು ಹಾಕಬೇಕೆಂದು ಹೇಳಿದರು.

ಫೋನ್ ಮಾಡಿದವಳು ಹಿಂದಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹಾವೇರಿ ಕಡೆಯ ಹುಡುಗಿ. ಸಂಜೆ ಅವಳೇ ಬಂದು ಬಾಗಿಲಲ್ಲಿ ನಿಂತಳು. "ತಪ್ಪಾತ್ರೀ. ನನಗ ಗೊತ್ತಿರಲಿಲ್ರೀ. ದಿನಾ ದಬದಬ ಅಂತ ಸಪ್ಪಳ ಕೇಳ್ತಿತ್ತು. ಆಮ್ಯಾಲೆ ಅಜ್ಜಿ 'ಸಾಕು ಬಿಡೇ, ಸತ್ತೋಗ್ತೀನಿ' ಅಂದ್ರು. ಹೆಂಗ ಸುಮ್ನ ಕೂಡ್ಲಿರಿ?"

ಅತ್ತೆ ಹಾಗೆ ಅಂದದ್ದು ನಿಜ. ದಿನಾ ಅನ್ನುತ್ತಾರೆ.

ನನ್ನ ಗಂಡ, ಎಂದೂ ಸಿಟ್ಟಾಗದವರು, ಅಂದು ಇವರಿಗೆ ಬೇರೆ ಮನೆ ನೋಡಿಕೊಳ್ಳಲು ಹೇಳೋಣ ಎಂದರು. ಅತ್ತೆ ಬಿಡಲಿಲ್ಲ. "ಇರ್ಲಿ ಬಿಡೋ. ನಾಳೆ ಇವ್ಳು ನಿಜವಾಗ್ಲೂ ಹೊಡೆದ್ರೆ ಕೇಳೋರು ಒಬ್ರು ಬೇಕಲ್ಲ" ಎಂದರು. ಹುಡುಗಿಯನ್ನು ಒಳಗೆ ಕರೆದು ಕೂರಿಸಿದರು. ಬೀದಿಯಲ್ಲಿ ಎಷ್ಟೋ ಮನೆಗಳಿಗೆ ಆ ಸದ್ದು ಕೇಳುತ್ತಿತ್ತು. ಬೇರೆ ಯಾರೂ ಫೋನ್ ಮಾಡಿರಲಿಲ್ಲ. ಅದನ್ನು ಅತ್ತೆ ಗಮನಿಸಿದ್ದರು.

ಆ ವರ್ಷ ಜ್ವರ ಬರುವುದು ಕಡಿಮೆಯಾಯಿತು. ಕಫ ತಿಳಿಯಾಯಿತು. ವಾಸನೆ ಹೋಯಿತು. ಪಂಪು ಎಲೆಅಡಿಕೆ ಚೀಲದಿಂದ ಟೀವಿಯ ಪಕ್ಕಕ್ಕೆ ಬಂತು. ಲಗ್ಗೆರೆಯ ಒಂದು ಬೀಗರ ಊಟಕ್ಕೆ ಹೋದೆವು. ಹೊರಡುವ ಮೊದಲು ತಟ್ಟಿ, ಎದೆ ಖಾಲಿ ಮಾಡಿಸಿ ಕರೆದುಕೊಂಡು ಹೋದೆ. ಇನ್ನೇನು ಗೆದ್ದೆವು ಎಂದುಕೊಂಡಿದ್ದೆ.

ಮಾಗಿಯಲ್ಲಿ ಒಂದು ಬೆಳಿಗ್ಗೆ, ತಟ್ಟುತ್ತಿರುವಾಗ, ಲೋಟದಲ್ಲಿ ರಕ್ತ ಬಂತು. ಎಳೆಯಲ್ಲ, ತುಂಬ. ರಕ್ತ ಕಂಡರೆ ತಟ್ಟುವುದನ್ನು ನಿಲ್ಲಿಸಿ ಆಸ್ಪತ್ರೆಗೆ ಬನ್ನಿ ಎಂದು ಮೊದಲೇ ಹೇಳಿದ್ದರು. ನಿಲ್ಲಿಸಿದೆ. "ಎಲೆಅಡಿಕೆ ಇರ್ಬೇಕು" ಎಂದರು ಅತ್ತೆ. ಅಂದು ಇನ್ನೂ ಎಲೆಅಡಿಕೆ ಹಾಕಿರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ವಿಜಯನಗರದಿಂದ ರಾಜಾಜಿನಗರಕ್ಕೆ ಆಂಬುಲೆನ್ಸಿನಲ್ಲಿ ಹೋಗುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ನಾನು ಹೆಚ್ಚು ಜೋರಾಗಿ ಹೊಡೆದೆನೇ? ಡಾಕ್ಟರನ್ನು ಕೇಳಿದೆ. ಅಲ್ಲ, ಹಿಗ್ಗಿದ ಕೊಳವೆಗಳ ಗೋಡೆಯಲ್ಲಿ ರಕ್ತನಾಳಗಳೂ ದಪ್ಪಗಾಗಿರುತ್ತವೆ, ಸೋಂಕು ಕೆರಳಿದಾಗ ಒಡೆಯುತ್ತವೆ ಎಂದರು. ಎರಡೂ ಕಾಯಿಲೆ ಒಟ್ಟಿಗಿರುವವರಿಗೆ ಇಂಥ ಹೊಡೆತ ಹೆಚ್ಚು ಸಲ ಬರುತ್ತದೆ, ಒಂದೊಂದು ಸಲವೂ ಉಸಿರಿನ ಶಕ್ತಿ ಸ್ವಲ್ಪ ಕಳೆದುಹೋಗುತ್ತದೆ ಎಂದೂ ಹೇಳಿದರು. ನಾನು ಹೂಂ ಎಂದೆ. ನನ್ನ ಗಂಡ ಕಾರಿಡಾರಿನ ಕಿಟಕಿಯ ಚಿಲಕವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು.

ಔಷಧಕ್ಕೆ ರಕ್ತ ನಿಂತಿತು. ಮಾರನೆಯ ದಿನ ನನ್ನನ್ನು ಒಳಗೆ ಬಿಟ್ಟರು. ಅತ್ತೆ ಅಭ್ಯಾಸಬಲದಿಂದ ಮಗ್ಗುಲಾದರು. ತಟ್ಟಬಾರದಂತೆ ಎಂದೆ.

"ಗೊತ್ತು. ಹೊಡೀಬೇಡ. ಸುಮ್ನೆ ಕೈ ಇಡು."

ಇಟ್ಟೆ. ಪ್ರತಿ ಉಸಿರಿಗೂ ಪಕ್ಕೆಲುಬು ಏಳುವುದು, ನಡುವೆ ತಡೆಯುವುದು, ಇಳಿಯುವುದು ಅಂಗೈಗೆ ತಿಳಿಯುತ್ತಿತ್ತು. ನರ್ಸ್ ಬಂದು ಹೊತ್ತಾಯಿತು ಎನ್ನುವವರೆಗೂ ಕೈ ತೆಗೆಯಲಿಲ್ಲ.

ಮನೆಗೆ ಬರುವಾಗ ಊದುವ ಚಿಕ್ಕ ಉಪಕರಣವೊಂದನ್ನು ಕೊಟ್ಟರು. ಅದರೊಳಗೆ ಊದಿದರೆ ಉಸಿರು ಒಳಗೇ ಅದುರಿ ಕಫ ತಾನಾಗಿ ಸಡಿಲವಾಗುತ್ತದೆ, ಇನ್ನು ತಟ್ಟುವ ಅಗತ್ಯವಿಲ್ಲ ಎಂದರು. ಅತ್ತೆ ಬೇಗ ಕಲಿತರು. ಊದುಗೊಳವೆಯ ಅನುಭವ ಇದ್ದವರು. ಈಗ ಬೆಳಿಗ್ಗೆ ಅದೇ ನಡೆಯುತ್ತದೆ. ಮಹಡಿ ಹತ್ತುವಾಗ ಮೊದಲಿಗಿಂತ ಹೆಚ್ಚು ಕಡೆ ನಿಲ್ಲುತ್ತಾರೆ, ನಿಂತಲ್ಲೆಲ್ಲ ಗೋಡೆಯ ಬಣ್ಣ ಸರಿಯಿಲ್ಲ ಎನ್ನುತ್ತಾರೆ. ಮುಂದೊಂದು ದಿನ ಮನೆಯಲ್ಲೂ ಆಕ್ಸಿಜನ್ ಬೇಕಾಗಬಹುದಂತೆ. ಅದನ್ನು ಇಡಲು ಟೀವಿಯ ಪಕ್ಕ ಜಾಗ ಸಾಲದು ಎಂದಷ್ಟೇ ಅವರು ಹೇಳಿದ್ದಾರೆ.

ಕೆಲವು ವಾರ ಕಳೆದ ಮೇಲೆ ಡಾಕ್ಟರು ಎಲ್ಲ ಸರಿಯಾಗಿದೆ ಎಂದಾಗ, ಅತ್ತೆ, "ಸಾಯಂಕಾಲ ಮಾತ್ರ ಇವ್ಳು ತಟ್ಟಬಹುದಾ?" ಎಂದು ಕೇಳಿದರು. ಮೆಲ್ಲಗೆ ತಟ್ಟಿದರೆ ತೊಂದರೆಯಿಲ್ಲ, ಆದರೆ ಅಗತ್ಯವೇನೂ ಇಲ್ಲ ಎಂದರು ಡಾಕ್ಟರು. ಅತ್ತೆ ಅದರಲ್ಲಿ ಮೊದಲ ಅರ್ಧವನ್ನು ಮಾತ್ರ ಕೇಳಿಸಿಕೊಂಡರು.

ಹಾಗಾಗಿ ನಾನು ಪಾರ್ಲರಿನ ಶಟರ್ ಎಳೆದು, ಕೈ ತೊಳೆದು ಮೇಲೆ ಬರುವಷ್ಟರಲ್ಲಿ ಅವರು ಟವೆಲ್ ಹೊದ್ದು, ಗೋಡೆಯ ಕಡೆ ತಿರುಗಿ, ಸೀರಿಯಲ್ಲಿನ ಸದ್ದು ಕಡಿಮೆ ಮಾಡಿಕೊಂಡು ಮಲಗಿರುತ್ತಾರೆ.